ಕೇಸು ಹಾಕದ ಊರು

ಆಸ್ಪತ್ರೆಯ ಅಧ್ಯಕ್ಷರು ನನ್ನ ಅಂಗಡಿಗೆ ಬಂದಾಗ ನಾನು ಗಾಜು ಕೊಯ್ಯುತ್ತಿದ್ದೆ. ಗಾಜಿನ ಮೇಲೆ ಗೆರೆ ಎಳೆಯುವಾಗ ಕೈ ನಡುಗಬಾರದು, ಅದಕ್ಕೆ ತಲೆ ಎತ್ತಲಿಲ್ಲ. ಎತ್ತಿದ್ದರೆ ಆ ಮುಖ ನೋಡಿದ ಸಿಟ್ಟಿಗೆ ಗಾಜು ಅಲ್ಲೇ ಹಾಳಾಗುತ್ತಿತ್ತು.

"ಏನಮ್ಮಾ, ಬಹಳ ಕೆಲಸಾನಾ?" ಎಂದರು. ಇಷ್ಟು ಮೆತ್ತಗೆ ಮಾತಾಡುತ್ತಿದ್ದಾರೆ ಎಂದರೆ ಏನೋ ಕಾದಿದೆ ಎಂದುಕೊಂಡೆ.

ಈ ಮನುಷ್ಯರಿಗೆ ಊರಿನ ಎರಡೂ ತುದಿಗೆ ಒಂದೊಂದು ಪೆಟ್ರೋಲ್ ಬಂಕ್ ಇದೆ. ನಮ್ಮೂರ ಆಸ್ಪತ್ರೆಯನ್ನು ನಡೆಸುವ ಸಮಿತಿಗೆ ಅವರೇ ಅಧ್ಯಕ್ಷರು, ಯಾವಾಗಿನಿಂದ ಎಂದು ಕೇಳಿದರೆ ಅವರಿಗೂ ನೆನಪಿಲ್ಲ. ಮೇಜಿನ ಮೇಲಿದ್ದ ನನ್ನ ಸುತ್ತಿಗೆ, ಮೊಳೆ ಎಲ್ಲವನ್ನೂ ಬದಿಗೆ ಸರಿಸಿ, ಸುರುಳಿ ಸುತ್ತಿದ್ದ ದೊಡ್ಡ ಹಾಳೆಯೊಂದನ್ನು ಬಿಚ್ಚಿ ಹರಡಿದರು.

"ಇದಕ್ಕೊಂದು ಒಳ್ಳೆ ಫ್ರೇಮ್ ಹಾಕ್ಕೊಡು. ಆಸ್ಪತ್ರೆ ಒಳಗೆ ಕಾಲಿಟ್ಟವರಿಗೆ ಮೊದಲು ಇದೇ ಕಣ್ಣಿಗೆ ಬೀಳ್ಬೇಕು. ಹೊಸ ಹೆರಿಗೆ ಡಾಕ್ಟ್ರು ನೋಡೋಕೆ ಬರ್ತಿದ್ದಾರೆ."

ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಈ ಊರಿನ ನಿವಾಸಿಗಳಾದ ನಾವು, ನಮ್ಮ ಆಸ್ಪತ್ರೆಯ ಯಾವ ವೈದ್ಯರ ಮೇಲೂ, ಯಾವ ಕಾರಣಕ್ಕೂ, ಎಂದೆಂದಿಗೂ ಕೋರ್ಟಿಗೆ ಹೋಗುವುದಿಲ್ಲ ಎಂದು ಈ ಮೂಲಕ ಮಾತು ಕೊಡುತ್ತೇವೆ." ಅದರ ಕೆಳಗೆ ಇಡೀ ಊರಿನ ಸಹಿ. ಔಷಧಿ ಅಂಗಡಿಯವರದ್ದು, ಬೇಕರಿಯವರದ್ದು, ಹೈಸ್ಕೂಲಿನ ಮೇಷ್ಟ್ರುಗಳದ್ದು, ಸಹಿ ಬಾರದವರ ಹೆಬ್ಬೆಟ್ಟು. ಕೆಳಗಡೆ ಬಲಮೂಲೆಯಲ್ಲಿ ಮಾತ್ರ ಖಾಲಿ ಜಾಗ ಬಿಟ್ಟಿದ್ದರು.

"ಅಲ್ಲಿ ನಿನ್ನ ತಂಗಿ ಸಹಿ ಬರ್ಬೇಕು," ಎಂದರು ಅಧ್ಯಕ್ಷರು. "ಅದರ ಪಕ್ಕ ನಿಂದು. ಆಮೇಲೆ ಗಾಜು ಹಾಕು."

ಮೈಯೆಲ್ಲ ಉರಿದುಹೋಯಿತು. ನೂರು ಅಂಗಡಿ ಇರುವ ಬೀದಿಯಲ್ಲಿ ಇದಕ್ಕೆ ನನ್ನ ಅಂಗಡಿಯೇ ಸಿಕ್ಕಿತೇ? ಊರಿಗೆಲ್ಲ ಫ್ರೇಮ್ ಹಾಕುವವಳು ನಾನೊಬ್ಬಳೇ, ಅದು ನಿಜ. ಆದರೂ ನಾಚಿಕೆ ಎನ್ನುವುದು ಬೇಡವೇ ಮನುಷ್ಯನಿಗೆ?

ನನ್ನ ತಂಗಿಯ ವಿಷಯ ಹೇಳಿಬಿಡುತ್ತೇನೆ. ಅವಳ ಚೊಚ್ಚಲ ಹೆರಿಗೆ ಇದೇ ಆಸ್ಪತ್ರೆಯಲ್ಲಿ ಆಯಿತು. ಆಗ ಇಲ್ಲಿ ಹೆರಿಗೆ ಡಾಕ್ಟರು ಒಬ್ಬರೇ ಇದ್ದರು. ಹಗಲೂ ಅವರೇ, ರಾತ್ರಿಯೂ ಅವರೇ, ಹಬ್ಬ ರಜೆ ಯಾವುದೂ ಇಲ್ಲ. ತಂಗಿಗೆ ನೋವು ಜೋರಾದ ಹೊತ್ತಿಗೆ ಅವರು ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳ ಹೊಟ್ಟೆ ಕೊಯ್ದು ಮಗು ತೆಗೆಯುತ್ತಿದ್ದರು. ಅರ್ಧಕ್ಕೆ ಬಿಟ್ಟು ಬರುವ ಹಾಗಿಲ್ಲ. ಇವಳ ಬಳಿ ಇದ್ದದ್ದು ಕೆಲಸಕ್ಕೆ ಸೇರಿ ಇನ್ನೂ ಕೈ ಪಳಗದ ನರ್ಸ್ ಒಬ್ಬಳೇ. ಮಗುವಿನ ತಲೆ ಬಂತು, ಭುಜ ಸಿಕ್ಕಿಕೊಂಡಿತು. ಆ ಹುಡುಗಿ ಗಾಬರಿಯಾಗಿ ಎಳೆದಳು. ಮಗು ಬದುಕಿತು, ಕತ್ತಿನ ಬಳಿಯ ನರ ಹರಿಯಿತು.

ನಮ್ಮ ಚಿನ್ನಿಗೆ ಈಗ ಮೂರು ವರ್ಷ. ಬಲಗೈ ತಾನಾಗಿ ಮೇಲೇಳುವುದಿಲ್ಲ. "ಎಲ್ಲಿ ಚಿನ್ನಿ, ಎರಡೂ ಕೈ ಎತ್ತು" ಎಂದರೆ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಸಾಮಾನು ಎತ್ತಿದ ಹಾಗೆ ತಲೆಯ ಮೇಲಕ್ಕೆ ಎತ್ತಿ, "ದೊಡ್ಡಮ್ಮಾ, ನೋಡು!" ಎಂದು ನಗುತ್ತಾಳೆ. ನಾನು ಚಪ್ಪಾಳೆ ತಟ್ಟುತ್ತೇನೆ. ಆಮೇಲೆ ಒಳಗೆ ಹೋಗಿ ಕಣ್ಣೊರೆಸಿಕೊಳ್ಳುತ್ತೇನೆ.

ತಂಗಿ ಮೊದಲ ದಿನವೇ ಕೋರ್ಟಿಗೆ ಓಡಿದವಳಲ್ಲ. ಆವತ್ತು ಏನಾಯಿತು ಎಂದು ಕೇಳಲು ಆಸ್ಪತ್ರೆಗೆ ಹೋದಳು. ಈ ಕಿಟಕಿಯವರು ಆ ಕಿಟಕಿಗೆ ಕಳಿಸಿದರು, ಆ ಕಿಟಕಿಯವರು ಊಟಕ್ಕೆ ಹೋಗಿದ್ದರು. ಅಧ್ಯಕ್ಷರ ಮನೆಗೆ ಹೋದರೆ, "ಎಲ್ಲ ಮಗುವಿನ ಹಣೆಬರಹ ಕಣಮ್ಮ" ಎಂದರಂತೆ. ವರ್ಷ ಕಾದಳು. ಆಮೇಲೆ ಕೇಸು ಹಾಕಿದಳು. ಕೇಳಿದ್ದು ಎರಡೇ: ನಡೆದದ್ದನ್ನು ಬಾಯಿಬಿಟ್ಟು ಹೇಳಿ, ಕೂಸಿನ ಚಿಕಿತ್ಸೆ ನೋಡಿಕೊಳ್ಳಿ.

ಇನ್ನೊಂದು ಮಾತು. ಕೇಸು ಡಾಕ್ಟರ ಮೇಲಲ್ಲ, ಆಸ್ಪತ್ರೆಯ ಸಮಿತಿಯ ಮೇಲೆ. ಇದನ್ನು ನಾನು ಬೀದಿಯಲ್ಲಿ ನಿಂತು ಎಷ್ಟು ಸಲ ಹೇಳಿದ್ದೇನೋ! ಯಾರ ಕಿವಿಗೂ ಹೋಗಲಿಲ್ಲ. ಡಾಕ್ಟರು ಊರು ಬಿಟ್ಟರು, ತಂಗಿ ಕೇಸು ಹಾಕಿದಳು, ಆದ್ದರಿಂದ ತಂಗಿಯೇ ಡಾಕ್ಟರನ್ನು ಓಡಿಸಿದಳು. ಊರಿನ ಲೆಕ್ಕ ಮುಗಿಯಿತು. ಅಂದಿನಿಂದ ಹೆರಿಗೆ ವಾರ್ಡಿಗೆ ಬೀಗ. ಬಸುರಿಯರು ಎರಡು ಗಂಟೆ ದಾರಿಯ ದೊಡ್ಡ ಪೇಟೆಗೆ ಹೋಗಬೇಕು. ಒಬ್ಬಳಿಗೆ ಕಾರಿನ ಹಿಂದಿನ ಸೀಟಿನಲ್ಲೇ ಹೆರಿಗೆಯಾಯಿತು. ಆ ಪಾಪವನ್ನೂ ತಂದು ತಂಗಿಯ ತಲೆಗೇ ಕಟ್ಟಿದರು.

ಈ ಲೆಕ್ಕಕ್ಕೆಲ್ಲ ಮೇಷ್ಟ್ರು ಔಷಧಿ ಅಂಗಡಿಯವನು. ನಮ್ಮೂರಿನ ಅಂಚಿಗೇ ಹರಿಯುವ ನದಿಯ ಆಚೆ ದಡ ಬೇರೆ ಆಡಳಿತಕ್ಕೆ ಸೇರಿದ್ದು, ಅಲ್ಲಿ ಕಾನೂನೂ ಬೇರೆ. ತಲೆನೋವಿನ ಮಾತ್ರೆ ಕೇಳಲು ಹೋದವರಿಗೂ ಈತ ಪಾಠ ಶುರುಮಾಡುತ್ತಾನೆ. "ಆಚೆ ದಡದಲ್ಲಿ ಡಾಕ್ಟ್ರ ಮೇಲೆ ಕೇಸು ಹಾಕಿದ್ರೂ ಜುಜುಬಿ ಪರಿಹಾರ. ಕಾನೂನೇ ಹಾಗಿದೆ. ಅದಕ್ಕೇ ಡಾಕ್ಟ್ರುಗಳೆಲ್ಲ ಸೇತುವೆ ದಾಟಿ ಅಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ಇಲ್ಲಿಗೆ ಯಾರು ಬರ್ತಾರೆ, ಕೋರ್ಟು ಕಟಕಟೆ ಹತ್ತೋಕೆ?"

ಸೇತುವೆ ದಾಟಿ ಆ ಸಾಲನ್ನು ನೋಡಿ ಬಂದವರು ಯಾರು? ಒಬ್ಬರೂ ಇಲ್ಲ. ನಡೆದು ಹೋಗುವಷ್ಟೇ ದೂರ, ಆದರೆ ನೋಡಿ ಬಂದರೆ ಮಾತಿಗೆ ಮಜಾ ಇರುವುದಿಲ್ಲವಲ್ಲ!

ನನಗೆ ಗೊತ್ತಿದ್ದದ್ದನ್ನು ನಾನು ಹೇಳಿದೆ. ಆ ಹಳೆಯ ಡಾಕ್ಟರ ಹೆಂಡತಿ ನನ್ನ ಅಂಗಡಿಗೆ ಬಂದು, ಮನೆಯ ನಿಲುವುಗನ್ನಡಿಗೆ ರಟ್ಟು ಸುತ್ತಿಸಿ ಒಯ್ದಿದ್ದರು. ಬರುವ ತಿಂಗಳು ಊರು ಬಿಡುತ್ತಿದ್ದೇವೆ, ಇವರಿಗೆ ನಿದ್ದೆಯಿಲ್ಲ, ಇನ್ನೊಬ್ಬ ಡಾಕ್ಟರನ್ನು ಕೊಡಿ ಎಂದು ಕೇಳಿ ಕೇಳಿ ಸಾಕಾಯಿತು, ಮಕ್ಕಳು ಅಪ್ಪನ ಮುಖ ನೋಡಿಲ್ಲ ಎಂದು ಅತ್ತಿದ್ದರು. ಆಗ ನನ್ನ ತಂಗಿ ತುಂಬು ಹೊಟ್ಟೆ ಹೊತ್ತು ಅದೇ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಚಿನ್ನಿ ಇನ್ನೂ ಹುಟ್ಟಿರಲಿಲ್ಲ! ಹುಟ್ಟದ ಮಗುವಿನ ಕೇಸಿಗೆ ಹೆದರಿ ಓಡಿದರೇ ಡಾಕ್ಟರು? ಔಷಧಿ ಅಂಗಡಿಯವನಿಗೆ ಇದನ್ನು ಹೇಳಿದರೆ, "ಮುಂದೆ ಹೀಗಾಗುತ್ತೆ ಅಂತ ಅವರಿಗೆ ಅಂದಾಜಿತ್ತು" ಎಂದ. ಇಂಥವನ ಹತ್ತಿರ ಏನು ಮಾತಾಡುತ್ತೀರಿ? ಕೊಳ್ಳಲು ಹೋಗಿದ್ದ ಜ್ವರದ ಮಾತ್ರೆಯನ್ನು ಅಲ್ಲೇ ಬಿಸಾಕಿ ಬಂದೆ.

ಸರಿ, ಅಧ್ಯಕ್ಷರ ಹಾಳೆಗೆ ಬರುತ್ತೇನೆ. "ನಾನು ಸಹಿ ಹಾಕಲ್ಲ," ಎಂದೆ. "ತಂಗೀನ ನೀವೇ ಕೇಳ್ಕೊಳ್ಳಿ."

"ಕೇಳ್ತೀವಿ. ಅವಳಿಗೆ ನಿನ್ನಷ್ಟು ಕೊಬ್ಬಿಲ್ಲ," ಎಂದು ನಗುತ್ತಾ ಹೋದರು.

ಆ ವಾರವೆಲ್ಲ ಊರು ತಂಗಿಯ ಮೇಲೆ ಮುಗಿಬಿತ್ತು. ಅವಳ ಗಂಡನದು ಬಸ್ ನಿಲ್ದಾಣದ ಬಳಿ ಕಟಿಂಗ್ ಶಾಪ್. ಗಡ್ಡ ಹೆರೆಸಿಕೊಳ್ಳಲು ಕೂತವರೆಲ್ಲ, "ಯಾವಾಗಪ್ಪಾ ಕೇಸು ವಾಪಸ್?" ಎಂದು ಶುರುಮಾಡುತ್ತಿದ್ದರು. ಕತ್ತಿ ಇವನ ಕೈಯಲ್ಲಿ, ಧೈರ್ಯ ಮಾತ್ರ ಅವರದ್ದು! ಆಮೇಲೆ ಬರುವುದನ್ನೇ ನಿಲ್ಲಿಸಿದರು. ಊರಿನ ಗಂಡಸರು ಗಡ್ಡ ಬಿಟ್ಟುಕೊಂಡು ಓಡಾಡತೊಡಗಿದರು. ತಂಗಿಯ ಗಂಡ ಖಾಲಿ ಕುರ್ಚಿಗಳನ್ನು ಒರೆಸಿ ಒರೆಸಿ ಸೋತು, ಒಂದು ದಿನ ನನ್ನೆದುರೇ ಕೈ ಚೆಲ್ಲಿದ.

"ಅತ್ತಿಗೆ, ನೀವಾದ್ರೂ ಅವಳಿಗೆ ಹೇಳಿ. ಊರನ್ನೇ ಎದುರು ಹಾಕ್ಕೊಂಡು ಬದುಕೋಕಾಗುತ್ತಾ?"

"ನಿನ್ನ ಮಗಳ ಕೈ ಅದು. ಊರಿನ ಕೈಯಲ್ಲ," ಎಂದೆ. ಅವನು ತಲೆ ತಗ್ಗಿಸಿದ. ಒಳ್ಳೆಯವನೇ, ಆದರೆ ಮೆತ್ತನೆಯವನು. ನಮ್ಮಮ್ಮನೂ ಅವನ ಜತೆ ಸೇರಿ, "ಯಾಕೆ ಬೇಕಿತ್ತೇ ನಮಗೆ ಈ ರಗಳೆ" ಎಂದು ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಇಷ್ಟಕ್ಕೆಲ್ಲ ತಂಗಿ ಜಗ್ಗಲಿಲ್ಲ. ಅವಳನ್ನು ಬಗ್ಗಿಸಿದ್ದು ಬೇಕರಿಯವರ ಸೊಸೆ. ಎಂಟು ತಿಂಗಳ ಬಸುರಿ, ಕಾಲೆಲ್ಲ ಊದಿಕೊಂಡಿದೆ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ತಂಗಿಯ ಮನೆಗೆ ಬಂದು ಚಾಪೆಯ ಮೇಲೆ ಕೂತಳು. ನಾನೂ ಅಲ್ಲೇ ಇದ್ದೆ. ಜಗಳಕ್ಕೆ ಬಂದಿದ್ದಾಳೆ ಎಂದು ಸೊಂಟ ಕಟ್ಟಿ ನಿಂತಿದ್ದೆ. ಅವಳು ಜಗಳ ಆಡಲಿಲ್ಲ.

"ಅಕ್ಕಾ, ನಿಮ್ಮ ಕೂಸಿಗೆ ಆಗಿದ್ದು ಆಗಿಹೋಯ್ತು," ಎಂದಳು. "ನಂದಿನ್ನೂ ಹೊಟ್ಟೇಲಿದೆ."

ಆ ಹೆಣ್ಣು ಹೋದ ಮೇಲೆ ತಂಗಿ ನನ್ನ ಕೈ ಹಿಡಿದುಕೊಂಡಳು. "ನನ್ನ ಹಟದಿಂದ ಅವಳಿಗೆ ಏನಾದ್ರೂ ಆದ್ರೆ ಅಕ್ಕಾ? ಚಿನ್ನಿ ಮುಖ ಹೇಗೆ ನೋಡ್ಲಿ? ಬೇಡ. ಸಹಿ ಹಾಕ್ತೀನಿ. ಕೇಸೂ ವಾಪಸ್ ತಗೋತೀನಿ."

"ಹುಚ್ಚಿ! ಒಂದು ಸಲ ವಾಪಸ್ ತಗೊಂಡ್ರೆ ಮತ್ತೆ ಹಾಕೋಕೆ ಬರಲ್ಲ ಅಂತ ವಕೀಲರು ಹೇಳಿಲ್ವಾ? ಚಿನ್ನಿ ಕೈಗೆ ಇನ್ನೂ ಆಪರೇಷನ್ ಆಗ್ಬೇಕು. ಯಾರು ಮಾಡಿಸ್ತಾರೆ, ಔಷಧಿ ಅಂಗಡಿಯವ್ನಾ?"

ಬೈದೆ, ಅತ್ತೆ, ಎರಡು ಹೊತ್ತು ಊಟ ಬಿಟ್ಟೆ. ಅವಳು ಸಹಿ ಹಾಕಿದಳು. ಕೇಸು ಹಿಂತೆಗೆದುಕೊಳ್ಳುವ ಅರ್ಜಿಯನ್ನು ಅವಳ ಗಂಡ ಬರೆಸಿಕೊಂಡು ಬಂದ. ಹೊಸ ಡಾಕ್ಟರು ಬಂದು ಹೋದ ಮರುದಿನ ಕೋರ್ಟಿಗೆ ಕೊಡುವುದೆಂದಾಯಿತು. "ಫ್ರೇಮ್ ಹಾಕಿಕೊಡು ಅಕ್ಕಾ, ಮುಗಿದುಹೋಗಲಿ" ಎಂದು ತಂಗಿಯೇ ಕೇಳಿಕೊಂಡಳು. ಹಾಕಿದೆ. ಹಲ್ಲು ಕಚ್ಚಿಕೊಂಡು ಒಂದೊಂದೇ ಮೊಳೆ ಹೊಡೆದೆ. ನನ್ನ ಸಹಿಯ ಜಾಗ ಮಾತ್ರ ಖಾಲಿಯೇ ಉಳಿಯಿತು.

ಡಾಕ್ಟರು ಬರುವ ದಿನ ಫ್ರೇಮ್ ತೂಗುಹಾಕಲು ನಾನೇ ಹೋದೆ. ಆಸ್ಪತ್ರೆಗೆ ಹೊಸ ಸುಣ್ಣ ಬಳಿದಿದ್ದರು, ವಾಸನೆ ಇನ್ನೂ ಹೋಗಿರಲಿಲ್ಲ. ಹೆರಿಗೆ ವಾರ್ಡಿನ ಬೀಗ ತೆಗೆದಿತ್ತು. ಸಮಿತಿಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು, ಊರಿನ ಅರ್ಧ ಜನ ಅವರ ಹಿಂದೆ. ನನ್ನ ತಂಗಿಯನ್ನು ಚಿನ್ನಿಯ ಸಮೇತ ಕರೆಸಿ ಮುಂದೆಯೇ ನಿಲ್ಲಿಸಿದ್ದರು. ಯಾಕೆಂದು ಆಮೇಲೆ ಗೊತ್ತಾಯಿತು.

ಹೊಸ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ತಾನೇ ಕಾರು ಓಡಿಸಿಕೊಂಡು ಬಂದರು. ಹೂಗುಚ್ಛ ಕೊಟ್ಟರೆ ಅದನ್ನು ಮೇಜಿನ ಮೇಲಿಟ್ಟು ನೇರವಾಗಿ ಹೆರಿಗೆ ಕೋಣೆಗೆ ನಡೆದರು. ನಲ್ಲಿ ತಿರುಗಿಸಿ ನೋಡಿದರು, ಗೊರಗೊರ ಸದ್ದು ಬಂತೇ ಹೊರತು ನೀರು ಬರಲಿಲ್ಲ. ಮೇಲಿನ ದೊಡ್ಡ ದೀಪದ ಸ್ವಿಚ್ ಒತ್ತಿದರು, ಪುಣ್ಯಕ್ಕೆ ಅದು ಹೊತ್ತಿತು. ಅಲ್ಲಿದ್ದ ನರ್ಸಮ್ಮನನ್ನು, "ನೀವು ಕೊನೇ ಸಲ ರಜಾ ತಗೊಂಡಿದ್ದು ಯಾವಾಗ?" ಎಂದು ಕೇಳಿದರು. ನರ್ಸಮ್ಮ ಅಧ್ಯಕ್ಷರ ಮುಖ ನೋಡಿದಳು. ಡಾಕ್ಟರು ಉತ್ತರಕ್ಕೆ ಕಾಯಲಿಲ್ಲ.

"ಅರಿವಳಿಕೆ ಕೊಡೋ ಡಾಕ್ಟ್ರು ಯಾರು?"

"ಪೇಟೆಯಿಂದ ಕರೆಸಿಕೊಳ್ತೀವಿ ಮೇಡಂ. ಫೋನು ಮಾಡಿದ್ರೆ ಬಂದ್ಬಿಡ್ತಾರೆ," ಎಂದರು ಅಧ್ಯಕ್ಷರು.

"ಎರಡು ಗಂಟೆ ದಾರಿ. ಅಷ್ಟು ಹೊತ್ತು ಸುರಿಯೋ ರಕ್ತ ಕಾಯ್ತಾ ಇರುತ್ತಾ? ಸರಿ, ನನ್ನ ಜತೆಗೆ ಇನ್ನೊಬ್ಬ ಹೆರಿಗೆ ಡಾಕ್ಟ್ರು?"

"ನೀವೊಬ್ರೇ ಸಾಕು ಮೇಡಂ, ನಿಮ್ಮ ಹೆಸರು ಕೇಳಿದೀವಿ."

"ಹಗಲೂ ನಾನು, ರಾತ್ರೀನೂ ನಾನು. ನನಗೆ ಜ್ವರ ಬಂದ್ರೆ?"

"ಅಯ್ಯೋ, ನಿಮಗ್ಯಾಕೆ ಜ್ವರ ಬರುತ್ತೆ ಮೇಡಂ!" ಎಂದು ಅಧ್ಯಕ್ಷರು ನಕ್ಕರು. ಹಿಂದಿದ್ದವರೂ ನಕ್ಕರು. ಆ ಹೆಂಗಸು ನಗಲಿಲ್ಲ.

ಆಮೇಲೆ ಅವರನ್ನು ಫ್ರೇಮಿನ ಎದುರು ತಂದು ನಿಲ್ಲಿಸಿದರು. ಔಷಧಿ ಅಂಗಡಿಯವನು ಗಂಟಲು ಸರಿಮಾಡಿಕೊಂಡು ವಿವರಿಸಿದ: ಇದು ಕೇಸು ಹಾಕದ ಊರು, ಇಲ್ಲಿ ಡಾಕ್ಟರಿಗೆ ಕೋರ್ಟಿನ ಭಯವಿಲ್ಲ, ಆಚೆ ದಡದ ಕಾನೂನಿಗಿಂತ ನಮ್ಮೂರಿನ ಮಾತು ಗಟ್ಟಿ. ಅಧ್ಯಕ್ಷರು ತಂಗಿಯ ಭುಜ ಹಿಡಿದು ಮುಂದಕ್ಕೆ ತಂದರು. "ಕೇಸು ಹಾಕಿದ್ದು ಇವಳೊಬ್ಳೇ ಮೇಡಂ. ಈಗ ಬುದ್ಧಿ ಬಂದಿದೆ. ನಾಳೆ ವಾಪಸ್ ತಗೋತಾಳೆ. ಹೌದೇನಮ್ಮ?"

ಸಂತೆಯಲ್ಲಿ ಹಸು ತೋರಿಸಿದ ಹಾಗೆ ತೋರಿಸಿದರು ನನ್ನ ತಂಗಿಯನ್ನು! ನನ್ನ ಕೈಯಲ್ಲಿ ಸುತ್ತಿಗೆ ಇತ್ತು. ಸ್ಟೂಲಿನ ಮೇಲಿಟ್ಟು, ಕೈ ಹಿಂದೆ ಕಟ್ಟಿಕೊಂಡೆ.

ಡಾಕ್ಟರು ಹಾಳೆಯನ್ನು ಮೊದಲಿನಿಂದ ಕೊನೆವರೆಗೂ ಓದಿದರು. ಆಮೇಲೆ ಕೆಳಗೆ ಕೂತು, ಚಿನ್ನಿಯ ಬಲಗೈಯನ್ನು ತಮ್ಮ ಅಂಗೈ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು.

"ಹೆರಿಗೆ ಹೊತ್ತಲ್ಲಿ ಡಾಕ್ಟ್ರು ಎಲ್ಲಿದ್ರು?" ಎಂದು ತಂಗಿಯನ್ನು ಕೇಳಿದರು.

"ಇನ್ನೊಂದು ಆಪರೇಷನ್‌ನಲ್ಲಿ ಇದ್ರು ಮೇಡಂ. ಒಬ್ರೇ ಇದ್ದಿದ್ದು."

ಡಾಕ್ಟರು ಎದ್ದು ನಿಂತರು. ದನಿ ಏರಿಸಲಿಲ್ಲ, ಆದರೆ ಹಿಂದಿನ ಸಾಲಿನವರಿಗೂ ಕೇಳಿಸಿತು. "ಊರಿಗೆ ಊರೇ ಹೀಗೆ ಬರೆದುಕೊಟ್ಟಿದೆ ಅಂದ್ರೆ ಬರೋ ಡಾಕ್ಟ್ರಿಗೆ ಹೆದರಿಕೆ ಹೋಗಲ್ಲ, ಹುಟ್ಟುತ್ತೆ. ಇಲ್ಲಿ ಏನೇನು ಆಗಿರ್ಬೇಕಪ್ಪಾ ಅಂತ. ಈ ಕಾಗದ ಯಾವ ಕೋರ್ಟಲ್ಲೂ ನಿಲ್ಲಲ್ಲ. ನಿಂತ್ರೂ ನನಗೆ ಬೇಡ. ಕೇಸಿಗೆ ಅಂತ ನಾವು ಇನ್ಶೂರೆನ್ಸ್ ಮಾಡಿಸಿರ್ತೀವಿ, ಅದರ ಪಾಡಿಗೆ ಅದು ನಡೆಯುತ್ತೆ. ನಿದ್ದೆಗೆ ಯಾವ ಇನ್ಶೂರೆನ್ಸ್ ಇದೆ ಹೇಳಿ?"

"ಮೇಡಂ, ಆಚೆ ದಡದಲ್ಲಿ..." ಎಂದು ಔಷಧಿ ಅಂಗಡಿಯವನು ಬಾಯಿ ಹಾಕಿದ.

"ನಾನು ಬಂದಿರೋದೇ ಆಚೆ ದಡದಿಂದ," ಎಂದರು ಡಾಕ್ಟರು. "ನಿಮ್ಮ ಸೇತುವೆ ದಾಟಿದ್ರೆ ಮೊದಲು ಸಿಗೋ ಆಸ್ಪತ್ರೆ. ಅಲ್ಲೂ ನಾನೊಬ್ಳೇ ಇದ್ದೆ. ಕೈಲಾಗದೆ ಬಿಟ್ಟೆ, ವಾರ್ಡಿಗೆ ಬೀಗ ಬಿತ್ತು. ಅಲ್ಲಿಯವರು ಏನಂತಾರೆ ಗೊತ್ತಾ? ಡಾಕ್ಟ್ರುಗಳೆಲ್ಲ ಈ ದಡಕ್ಕೆ ಓಡಿಹೋದ್ರು, ಇಲ್ಲಿ ಕಾನೂನು ಮೆತ್ತಗಿದೆ ಅಂತೆ."

ಯಾರೋ ಹಿಂದೆ ಕಿಸಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

"ಇನ್ನೊಬ್ಬ ಡಾಕ್ಟ್ರು, ಒಬ್ಬ ಅರಿವಳಿಕೆ ಡಾಕ್ಟ್ರು, ನಲ್ಲೀಲಿ ನೀರು. ಇಷ್ಟು ಮಾಡಿ ಫೋನ್ ಮಾಡಿ, ಬರ್ತೀನಿ," ಎಂದು ಹೇಳಿ ಅವರು ಹೊರಟುಹೋದರು. ಹೂಗುಚ್ಛ ಮೇಜಿನ ಮೇಲೆಯೇ ಉಳಿಯಿತು.

ಈಗಲಾದರೂ ಈ ಜನರ ಕಣ್ಣು ತೆರೆಯುತ್ತದೆ ಎಂದುಕೊಂಡೆ. ಎಂಥ ಪೆದ್ದಿ ನಾನು! ಕಾರಿನ ಸದ್ದು ಅಡಗುವ ಮೊದಲೇ ಅಧ್ಯಕ್ಷರು ಜನರ ಕಡೆ ತಿರುಗಿದರು.

"ನೋಡಿದ್ರಾ? ಕೇಸಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಓಡಿದ್ರು. ನೀರಂತೆ, ನಿದ್ದೆಯಂತೆ, ಎಲ್ಲ ನೆಪ. ಒಂದು ಕೇಸು ಇಡೀ ಊರನ್ನ ಹಾಳು ಮಾಡ್ತು."

ಜನ ತಲೆಯಾಡಿಸಿದರು! ನನ್ನಾಣೆ, ತಲೆಯಾಡಿಸಿದರು. ತಮ್ಮ ಕಿವಿಯಾರೆ ಕೇಳಿದ ಮಾತನ್ನು ಅಲ್ಲೇ ನೆಲಕ್ಕೆ ಉಗುಳಿಬಿಟ್ಟರು. ನನ್ನ ಪಿತ್ತ ನೆತ್ತಿಗೇರಿತು. ಬಾಯಿ ತೆರೆದೆ, ಅಷ್ಟರಲ್ಲಿ ತಂಗಿ ಮಾತಾಡಿದಳು. ಅವಳು ನಾಲ್ಕು ಜನರ ಎದುರು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಅಲ್ಲ ಸ್ವಾಮಿ, ಕೇಸು ಹಾಕಿದ್ರೂ ನಂದೇ ತಪ್ಪು, ವಾಪಸ್ ತಗೋತೀನಿ ಅಂದ್ರೂ ನಂದೇ ತಪ್ಪು. ಹಾಗಿದ್ಮೇಲೆ ಯಾಕೆ ವಾಪಸ್ ತಗೊಳ್ಲಿ? ತಗೊಳಲ್ಲ."

"ಸಹಿ ಹಾಕಿದ್ದೀಯ! ಇಡೀ ಊರಿಗೆ ಮಾತು ಕೊಟ್ಟಿದ್ದೀಯ!"

"ಊರಿಗೆ ಡಾಕ್ಟ್ರು ಬರ್ಲಿ ಅಂತ ಕೊಟ್ಟೆ. ನಿಮ್ಮನ್ನ ಉಳಿಸೋಕಲ್ಲ."

ತಂಗಿಯ ಗಂಡ ಅವಳ ಸೆರಗು ಎಳೆದ. "ಸುಮ್ನಿರೇ, ಅಂಗಡಿ ಗತಿ..."

"ಊರೋರ ಕೂದಲು ಬೆಳೆಯೋದು ನಿಲ್ಲುತ್ತಾ? ಬರ್ತಾರೆ, ಸುಮ್ನಿರಿ," ಎಂದಳು. ಅವನ ಅಂಗಿಯ ಜೇಬಿನಲ್ಲಿದ್ದ ಅರ್ಜಿಯನ್ನು ತೆಗೆದು ನಾಲ್ಕು ಚೂರು ಮಾಡಿ, ಚೂರುಗಳನ್ನು ಅವನ ಜೇಬಿಗೇ ಹಾಕಿದಳು. ಅವನು ಜೇಬು ಮುಟ್ಟಿ ನೋಡಿಕೊಂಡ. ಆಮೇಲೆ, ಅವನ ಬಗ್ಗೆ ಇಷ್ಟಾದರೂ ಹೇಳಬೇಕು, ಚಿನ್ನಿಯನ್ನು ಎತ್ತಿಕೊಂಡು ಹೆಂಡತಿಯ ಪಕ್ಕಕ್ಕೆ ಬಂದು ನಿಂತ.

ಅಧ್ಯಕ್ಷರು ಕೈಯೆತ್ತಿ, "ನೋಡಿ, ಎಲ್ರೂ ನೋಡಿ, ಇಂಥವರಿಂದಾನೇ..." ಎಂದು ಶುರುಮಾಡಿದರು. ಆದರೆ ಜನರ ನಡುವೆ ದಾರಿ ಬಿಡಿಸಿಕೊಂಡು ಒಬ್ಬಳು ಮುಂದೆ ಬರುತ್ತಿದ್ದಳು. ಬೇಕರಿಯವರ ಸೊಸೆ. ಅತ್ತೆ ಹಿಂದಿನಿಂದ ಕರೆಯುತ್ತಿದ್ದರೂ ನಿಲ್ಲಲಿಲ್ಲ. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಅಧ್ಯಕ್ಷರ ಎದುರಿಗೇ ಬಂದು ನಿಂತಳು.

"ಇನ್ನೊಬ್ಬ ಡಾಕ್ಟ್ರನ್ನ ಯಾಕೆ ಇಡಲಿಲ್ಲ?" ಎಂದು ಕೇಳಿದಳು.

"ಅದೆಲ್ಲ ನಿನಗೆ ಅರ್ಥ ಆಗಲ್ಲಮ್ಮ. ಸಮಿತಿ ವಿಷಯ."

"ಹಳೇ ಡಾಕ್ಟ್ರು ಕೇಳಿದ್ರಂತಲ್ಲ. ಯಾಕೆ ಇಡಲಿಲ್ಲ?"

ಅಧ್ಯಕ್ಷರು ಅತ್ತಿತ್ತ ನೋಡಿದರು. ಔಷಧಿ ಅಂಗಡಿಯವನು ತನ್ನ ಚಪ್ಪಲಿ ನೋಡುತ್ತಿದ್ದ. ಅಧ್ಯಕ್ಷರು ನನ್ನ ಅಂಗಡಿಗೆ ಬಂದಾಗಿನ ಆ ಮೆತ್ತನೆಯ ದನಿ ತೆಗೆದರು. "ತುಂಬಿದ ಬಸುರಿ, ಹೀಗೆಲ್ಲ ನಿಂತ್ಕೋಬಾರ್ದು ತಾಯಿ. ಮನೆಗೆ ಹೋಗು."

"ಮನೆಗೆ ಹೋಗ್ತೀನಿ," ಎಂದಳು ಅವಳು. "ಹೆರೋಕೆ ಎಲ್ಲಿಗೆ ಹೋಗ್ಲಿ?"

ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡರು. ಅವಳು ಅಲ್ಲೇ ಇದ್ದ ಬೆಂಚಿನ ಮೇಲೆ ನಿಧಾನಕ್ಕೆ ಕೂತುಕೊಂಡಳು, ಉತ್ತರ ಬರುವವರೆಗೂ ಏಳುವುದಿಲ್ಲ ಎನ್ನುವಂತೆ. ಸ್ವಲ್ಪ ಹೊತ್ತಿನಲ್ಲಿ ನನ್ನ ತಂಗಿ ಹೋಗಿ ಅವಳ ಪಕ್ಕದಲ್ಲಿ ಕೂತಳು.